ಡೈನೋಸಾರ್ ಫಲಕಕ್ಕೆ ಪದ ಬೇಕು: ಪ್ರವಾಹ ಮೈದಾನವೋ, ನೆರೆಬಯಲೋ?

ಪ್ರದರ್ಶನದ ಫಲಕ ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಜಬಲ್ಪುರದ ಲಮೇಟಾ ಬಂಡೆಗಳು. 1828ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್‌ಗೆ ಡೈನೋಸಾರ್ ಮೂಳೆ ಸಿಕ್ಕ ಜಾಗ. ‘ಫ್ಲಡ್‌ಪ್ಲೇನ್’ಗೆ, ಅಂದರೆ ನದಿ ಉಕ್ಕಿದಾಗ ಮುಳುಗುವ ಬಯಲಿಗೆ, ಏನು ಬರೆಯಲಿ? ‘ಪ್ರವಾಹ ಮೈದಾನ’ ಅಂದರೆ ಮಕ್ಕಳಿಗೆ ಆಟದ ಮೈದಾನ ನೆನಪಾಗುತ್ತೆ. ಈಗಿರುವ ವಾಕ್ಯ: “ನದಿ ಉಕ್ಕಿದಾಗಲೆಲ್ಲ ಪ್ರವಾಹ ಮೈದಾನದಲ್ಲಿ ಕೆಸರು ಕೂತು ಈ ಸುಣ್ಣಕಲ್ಲಾಯಿತು, ಮೂಳೆಗಳು ಉಳಿದವು.”

ಮರು:
ನೆರೆಬಯಲು. ಚರ್ಚೆಯೇ ಬೇಡ. ಪ್ರವಾಹ ಸಂಸ್ಕೃತ, ಮೈದಾನ ಪಾರಸಿ. ನೆರೆ ನಮ್ಮದು. ಹಳಗನ್ನಡದ ನೆಱೆ, ಅಂದರೆ ತುಂಬು. ತಮಿಳಿನ ನಿಱೈ ಇದರ ಒಡಹುಟ್ಟು. ನೆರೆಮನೆಯ ನೆರೆ ಬೇರೆ, ಅದನ್ನು ಇಲ್ಲಿ ತರಬೇಡಿ. ಫಾಸಿಲ್‌ಗೆ ಪಳೆಯುಳಿಕೆ ಅಂತಲೇ ಹಾಕಿ.

ಮರು:
ನೆರೆಬಯಲು ಒಪ್ಪಿದೆ, ಕಾರಣ ಒಪ್ಪಲ್ಲ. ಪಾರಸಿ ಅಂತ ಮೈದಾನ ಬಿಟ್ಟರೆ ರೈತ ಜಮೀನನ್ನೂ ಬಿಡಬೇಕು.

ಆದರೆ ಪದಕ್ಕಿಂತ ವಾಕ್ಯ ನೋಡಿ, ಅದೇ ತಪ್ಪು. ಆ ಸುಣ್ಣಕಲ್ಲು ನೆರೆಯ ಕೆಸರು ಕೂತು ಆದದ್ದಲ್ಲ. ಸಮುದ್ರದ್ದು ಅಂತ ವಾದಿಸಿದವರೂ ಇದ್ದರು. 1987ರಲ್ಲಿ ಭೂವಿಜ್ಞಾನಿಗಳಾದ ಬ್ರೂಕ್‌ಫೀಲ್ಡ್ ಮತ್ತು ಸಾಹ್ನಿ ಅದನ್ನು ಹಳೆಯ ಮಣ್ಣು ಅಂತ ಓದಿದರು. ಆಗ ಅದು ಮಳೆ ಕಡಿಮೆ ಇದ್ದ ಸೀಮೆ. ಮಳೆನೀರು ಇಳಿಯುತ್ತೆ, ಬಿಸಿಲಿಗೆ ಆರುತ್ತೆ. ನೀರಲ್ಲಿ ಕರಗಿದ್ದ ಸುಣ್ಣ ಬೇರಿನ ಸುತ್ತ, ಬಿರುಕಿನ ಒಳಗೆ ಗಂಟು ಕಟ್ಟುತ್ತೆ. ಗಂಟು ಬೆಳೆದು ಹಾಸಾಗಬೇಕಾದರೆ ಹೊಸ ಕೆಸರು ಬೀಳದೆ ನೆಲ ಬಹುಕಾಲ ಸುಮ್ನೆ ಇರಬೇಕು. ಅಂದರೆ ಬಂಡೆ ಹೇಳುತ್ತಿರುವುದು ನೆರೆ ಬಂದ ದಿನಕ್ಕಿಂತ ನೆರೆ ಬಾರದ ಕಾಲವನ್ನೇ ಜಾಸ್ತಿ.

ಮೂಳೆಯ ಕಥೆಯೂ ಹಾಗೇ. ಬಿಸಿಲಲ್ಲಿ ಬಿದ್ದ ಮೂಳೆ ಸೀಳುತ್ತೆ, ಚದುರುತ್ತೆ. ಕೂಡಲೇ ಮಣ್ಣು ಮುಚ್ಚಿದರೆ ಮಾತ್ರ ಕೀಲು ಬಿಡದೆ ಉಳಿಯುತ್ತೆ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಇದೇ ಲಮೇಟಾ ಬಂಡೆಯಲ್ಲಿ ಸಿಕ್ಕ ಸನಾಜೆ ಹಾವಿನ ಪಳೆಯುಳಿಕೆ ನೋಡಿ, 2010ರಲ್ಲಿ ಪ್ರಕಟವಾದದ್ದು. ಸುಮಾರು 3.5 ಮೀಟರ್ ಉದ್ದ. ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದೆ, ಪಕ್ಕದಲ್ಲೇ ಡೈನೋಸಾರ್ ಮರಿ. ಅವನ್ನು ಮಣ್ಣು ಒಂದೇ ಸಲಕ್ಕೆ ಮುಚ್ಚಿರಬೇಕು.

ಹೀಗೆ ಬರೆಯಿರಿ: “ಇದು ನೆರೆಬಯಲು. ನೆರೆ ಬಾರದ ಕಾಲದಲ್ಲಿ ಮಣ್ಣಲ್ಲೇ ಸುಣ್ಣ ಗಟ್ಟಿಯಾಯಿತು. ಬೇಗ ಮಣ್ಣಡಿ ಸೇರಿದ ಮೂಳೆಗಳು ಉಳಿದವು.”

ಮರು:
ಜಮೀನಿಗೆ ಹೊಲ ಇದೆ. ಇರುವ ಪದ ಬಳಸದೆ ಎರವಲಿಗೆ ವಕಾಲತ್ತು ಬೇಡ.

ಮರು:
‘ವಕಾಲತ್ತು’ ಅರಬ್ಬಿ. ನಿಮ್ಮ ಬಾಯಲ್ಲೂ ಸಲೀಸಾಗಿ ಬಂತಲ್ವಾ? ಬರಲಿ, ಅದೂ ಈಗ ಕನ್ನಡವೇ.

ಮರು:
ಮೂರು ವಾಕ್ಯಗಳನ್ನೂ ಹಾಗೇ ಹಾಕುತ್ತಿದ್ದೇನೆ. ‘ಪಳೆಯುಳಿಕೆ’ ಶೀರ್ಷಿಕೆಗೆ ಹೋಯಿತು.