ಅಪ್‌ಡೇಟ್: ಅಂತರಗಂಗೆಯಲ್ಲಿ ಕೂತು ಬರೆಯುತ್ತಿದ್ದೇನೆ

ಮನೆಯಲ್ಲಿ ಕೂತರೆ ಒಂದು ಸಾಲೂ ಹೊರಡುತ್ತಿಲ್ಲ, ಕೋಲಾರದಲ್ಲಿ ಹೊರಗೆ ಕೂತು ಬರೆಯಲು ಒಳ್ಳೆಯ ಜಾಗ ಯಾವುದು ಎಂದು ಕೇಳಿದ್ದೆ. ತುಂಬಾ ಜನ ಊರ ಪಕ್ಕದ ಬೆಟ್ಟದಲ್ಲಿರುವ ಅಂತರಗಂಗೆ ಎಂದಿರಿ. ಈಗ ಅಲ್ಲಿಗೇ ಹೋಗುತ್ತಿದ್ದೇನೆ.

ಬೆಳಿಗ್ಗೆ ಬೇಗ ಹೋಗಬೇಕು. ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿ, ಕಲ್ಲು ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ದಾಟಿ, ಮೇಲೆ ಬಂಡೆ ನೆರಳಲ್ಲಿ ಕೂರುತ್ತೇನೆ. ಕೋತಿಗಳ ಕಾಟ ಜಾಸ್ತಿ, ತಿಂಡಿ ಒಯ್ಯಬೇಡಿ. ರಟ್ಟಿನ ಪ್ಯಾಡ್, ಪೆನ್ಸಿಲ್ ಸಾಕು. ಹಾಳೆ ಇಬ್ಬನಿಗೆ ಒದ್ದೆಯಾದರೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್‌ಗೆ ಆ ತೊಂದರೆ ಇಲ್ಲ.

ಮೊದಲು ಕಂಡದ್ದು, ಕೇಳಿದ್ದು ಸುಮ್ನೆ ಬರೆದುಕೊಳ್ಳುತ್ತೇನೆ. ಹಾಗೆ ಬರೆಯುತ್ತಲೇ ಅಜ್ಜಿ ರೇಷ್ಮೆ ಹುಳು ಸಾಕುತ್ತಿದ್ದ ಹುಳದ ಮನೆ ನೆನಪಾಯಿತು. ಹಿಪ್ಪುನೇರಳೆ ಸೊಪ್ಪಿನ ವಾಸನೆ, ಗೋಡೆಗೆ ಒರಗಿಸಿದ ಚಂದ್ರಂಕಿ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ), ರಾತ್ರಿಯೆಲ್ಲ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು. ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಅದೇ ಈಗ ಕಥೆಯಾಗುತ್ತಿದೆ. ಎಷ್ಟು ಖುಷಿ ಗೊತ್ತಾ! ಬರೆದ ದಿನ ಮನೆಗೆಲಸವೂ ಹಗುರ ಅನಿಸುತ್ತದೆ.

ಪತ್ರಿಕೆಗೆ ಕಳಿಸುತ್ತೀರಾ ಎಂದು ಒಬ್ಬರು ಕೇಳಿದ್ದಿರಿ. ಸದ್ಯಕ್ಕೆ ಇಲ್ಲ. ಮುಗಿದ ಮೇಲೆ ಮೊದಲು ಅಮ್ಮನಿಗೆ ಓದಿ ಹೇಳಬೇಕು. ಮಳೆಗಾಲದಲ್ಲಿ ಇಲ್ಲೇ ಸುತ್ತಮುತ್ತ ಎಲ್ಲಿ ಕೂರಬಹುದು, ಗೊತ್ತಿದ್ದರೆ ಹೇಳಿ.