ಆರ್ವೆಲ್‌ನ ಈ ಕಾದಂಬರಿ ಇಷ್ಟು ದಿನ ಎಲ್ಲಿತ್ತು?

ಕಾಫಿಪುಡಿ: ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಅಂದ್ರೆ ನನಗೆ 'ಅನಿಮಲ್ ಫಾರ್ಮ್', '1984' ಅಷ್ಟೇ. ಹೋದ ತಿಂಗಳು ಹಳೇ ಪುಸ್ತಕದ ರಾಶಿಯಲ್ಲಿ 'ಕಮಿಂಗ್ ಅಪ್ ಫಾರ್ ಏರ್' ಸಿಕ್ಕಿತು, 1939ರದ್ದು. ಜಾರ್ಜ್ ಬೌಲಿಂಗ್ ಅಂತ ಒಬ್ಬ, ವಯಸ್ಸು 45, ಡೊಳ್ಳುಹೊಟ್ಟೆ, ಕಟ್ಟಿಸಿದ ಹಲ್ಲು, ಇನ್ಶೂರೆನ್ಸ್ ಕೆಲಸ. ಕುದುರೆ ಜೂಜಿನಲ್ಲಿ 17 ಪೌಂಡ್ ಗೆದ್ದವನು ಹೆಂಡತಿಗೆ ಹೇಳದೆ ಮುಚ್ಚಿಟ್ಟುಕೊಂಡು ಹುಟ್ಟಿದೂರಿಗೆ ಹೊರಡುತ್ತಾನೆ. ನನಗೂ ಈಗ ಅದೇ ವಯಸ್ಸು. 25ರಲ್ಲಿ ಸಿಕ್ಕಿದ್ದರೆ ಹತ್ತೇ ಪುಟಕ್ಕೆ ಎತ್ತಿಡುತ್ತಿದ್ದೆ.

ಒಂಟಿಸಲಗ: ನಾನು ನೂರು ಪುಟ ಓದಿ ಎತ್ತಿಟ್ಟೆ. ಅಪ್ಪನ ಬೀಜದಂಗಡಿ, ಗಾಳ, ಮೀನು, ಮತ್ತೆ ಮೀನು. ನಮ್ಮ ಕಾಲವೇ ಚೆನ್ನಾಗಿತ್ತು ಅನ್ನೋ ಮಾವಂದಿರು ಮನೆಯಲ್ಲೇ ಇಬ್ಬರಿದ್ದಾರೆ. ದುಡ್ಡು ಕೊಟ್ಟು ಬೇರೆ ಓದಬೇಕಾ?

ಕಾಫಿಪುಡಿ: ಮುಂದೆ ಓದಬೇಕಿತ್ತು ಸಾರ್. ಹುಡುಗನಾಗಿದ್ದಾಗ ಬಂಗಲೆ ಹಿಂದಿನ ಕೊಳದಲ್ಲಿ ಭಾರೀ ಮೀನುಗಳನ್ನು ನೋಡುತ್ತಾನೆ, ಗಟ್ಟಿ ದಾರ ತಂದು ಹಿಡಿಯಬೇಕು ಅಂದುಕೊಳ್ಳುತ್ತಾನೆ, ಆಮೇಲೆ ಅಂಗಡಿ ಕೆಲಸ, ಮೊದಲ ಮಹಾಯುದ್ಧ, ಮದುವೆ, ಮಕ್ಕಳು ಅಂತ ಆ ಕಡೆ ತಲೆಯೇ ಹಾಕುವುದಿಲ್ಲ. ಕೊನೆಗೂ ಹೋದಾಗ ಕೊಳದಲ್ಲಿ ನೀರಿಲ್ಲ, ಅರ್ಧದವರೆಗೂ ತಗಡಿನ ಡಬ್ಬಿಗಳೇ ತುಂಬಿವೆ. ಊರು ಹಾಳಾಯ್ತು ಅಂತ ಬೈಯುತ್ತಾನೆ ಸರಿ, ನೀರಿದ್ದಾಗ ಹೋಗದೆ ಇದ್ದವನು ಇವನೇ ಅಲ್ವಾ?

ಮಳೆಹುಳ: ನನ್ನನ್ನು ಹಿಡಿದಿದ್ದು ಮೀನಲ್ಲ, ಭಯ. ಶ್ವಾಸಕೋಶ ಕೆಟ್ಟು ಆರ್ವೆಲ್ ಮೊರಾಕೊಗೆ ಹೋಗಿದ್ದಾಗ ಬರೆದದ್ದು ಇದು. ಪುಸ್ತಕ ಬಂದದ್ದು ಜೂನ್‌ನಲ್ಲಿ, ಎರಡನೇ ಮಹಾಯುದ್ಧ ಶುರುವಾದದ್ದು ಅದೇ ಸೆಪ್ಟೆಂಬರ್‌ನಲ್ಲಿ. ಕಥೆಯಲ್ಲಿ ಆ ಪುಟ್ಟ ಊರಿನ ಮೇಲೆ ಬಾಂಬ್ ಬೀಳುತ್ತದೆ, ಅದೂ ತಮ್ಮದೇ ವಿಮಾನದಿಂದ, ಕೈತಪ್ಪಿ!

ಉಪ್ಪಿನಕಾಯಿ ಜಾಡಿ: ಎಲ್ಲರೂ ಬೌಲಿಂಗ್ ಬಗ್ಗೆಯೇ ಮಾತಾಡ್ತೀರಿ, ಹೆಂಡತಿ ಹಿಲ್ಡಾ? ಬೆಣ್ಣೆ ರೇಟು, ಮಕ್ಕಳ ಸ್ಕೂಲ್ ಫೀಸು ಬಿಟ್ಟರೆ ಅವಳಿಗೆ ತಲೆಯೇ ಇಲ್ಲ ಅನ್ನೋ ಹಾಗೆ ಬರೆದಿದ್ದಾನೆ. ಫೀಸಿನ ಚಿಂತೆ ಯಾರಾದರೂ ಮಾಡಬೇಕಲ್ಲ! ಅವಳ ತವರುಮನೆ ಮಾತ್ರ ಸೊಗಸಾಗಿದೆ. ಇಂಡಿಯಾದಲ್ಲಿ ಕೆಲಸ ಮಾಡಿ ವಾಪಸಾದ ಇಂಗ್ಲಿಷರ ಕುಟುಂಬ. ಗೋಡೆ ಮೇಲೆ ಧೂಳು ಹಿಡಿದ ಹುಲಿ ತಲೆಬುರುಡೆ, ಹಿತ್ತಾಳೆ ತಟ್ಟೆ, ತಿರುಚಿನಾಪಳ್ಳಿ ಚುಟ್ಟಾ, ಖಾರದ ಉಪ್ಪಿನಕಾಯಿ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್‌ಗೆ ಅಂಥ ಮನೆ ಗೊತ್ತಿಲ್ಲದೆ ಇರುತ್ತಾ?

ಒಂಟಿಸಲಗ: ಗಂಡ ಹೇಳದೆ ಹೋಗಿದ್ದು ಅವಳಿಗೆ ಗೊತ್ತಾಗುತ್ತಾ ಕೊನೆಗೆ?

ಉಪ್ಪಿನಕಾಯಿ ಜಾಡಿ: ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಹೋಟೆಲಲ್ಲಿ ಇರ್ತೀನಿ ಅಂತ ಸುಳ್ಳು ಹೇಳಿರುತ್ತಾನೆ. ಇವಳು ಅಲ್ಲಿಗೆ ಕಾಗದ ಬರೆಯುತ್ತಾಳೆ. ಆ ಹೋಟೆಲ್ ಮುಚ್ಚಿ ಎರಡು ವರ್ಷ ಆಗಿದೆ ಅಂತ ಉತ್ತರ ಬರುತ್ತದೆ. ತಲೆ ಇಲ್ಲದವಳಂತೆ!