ಕಂಟ್ರೋಲ್ ಥಿಯರಿಯ ‘ಅಬ್ಸರ್ವರ್’ಗೆ ವೀಕ್ಷಕ ಸಾಕೇ?

ಗೆಳೆಯರೇ,

ಯಂತ್ರಗಳನ್ನು ಬೇಕಾದಂತೆ ನಡೆಸುವುದು ಹೇಗೆಂದು ಹೇಳುವ ಕಂಟ್ರೋಲ್ ಥಿಯರಿ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಕಂಟ್ರೋಲರ್‌ಗೆ ನಿಯಂತ್ರಕ, ಸ್ಟೇಟ್‌ಗೆ ಸ್ಥಿತಿ, ಸೆನ್ಸರ್‌ಗೆ ಸಂವೇದಕ. ಇವುಗಳ ಬಗ್ಗೆ ತಕರಾರಿಲ್ಲ. ‘ಅಬ್ಸರ್ವರ್’ಗೆ ಮಾತ್ರ ಒಪ್ಪುವ ಪದ ಸಿಗುತ್ತಿಲ್ಲ. ವೀಕ್ಷಕ ಎಂದರೆ ಟಿವಿ ನೋಡುವವರೋ ಚುನಾವಣೆಗೆ ಬರುವ ಅಧಿಕಾರಿಯೋ ನೆನಪಾಗುತ್ತಾರೆ. ಅವರು ಕಣ್ಣೆದುರು ನಡೆಯುವುದನ್ನು ನೋಡುವವರು. ಆದರೆ ಅಬ್ಸರ್ವರ್‌ನ ಕೆಲಸ ಕಾಣದ್ದನ್ನು ಲೆಕ್ಕ ಹಾಕುವುದು.

ಒಂದು ಮೋಟಾರ್ ಇದೆ ಅನ್ನಿ. ಶಾಫ್ಟ್ ಎಷ್ಟು ಕೋನ ತಿರುಗಿದೆ ಎಂದು ಅಳೆಯಬಹುದು, ವೇಗ ಅಳೆಯುವ ಸಂವೇದಕ ಇಲ್ಲ. ಸುಮ್ನೆ ಕೋನದ ವ್ಯತ್ಯಾಸವನ್ನು ಸಮಯದಿಂದ ಭಾಗಿಸಿದರೆ ಅಳತೆಯಲ್ಲಿರುವ ನಾಯ್ಸ್ (ಸಣ್ಣಪುಟ್ಟ ಏರುಪೇರು) ಹಿಗ್ಗಿ, ವೇಗದ ಅಂಕಿ ಕುಣಿಯತೊಡಗುತ್ತದೆ. ಅದಕ್ಕೇ ಮೋಟಾರಿನ ಗಣಿತ ಮಾದರಿಯೊಂದನ್ನು ಜೊತೆಜೊತೆಗೇ ಓಡಿಸುತ್ತಾರೆ. ಮೋಟಾರಿಗೆ ಕೊಟ್ಟ ವೋಲ್ಟೇಜನ್ನೇ ಅದಕ್ಕೂ ಕೊಡುತ್ತಾರೆ. ಮಾದರಿ ಹೇಳುವ ಕೋನಕ್ಕೂ ಅಳೆದ ಕೋನಕ್ಕೂ ಎಷ್ಟು ಅಂತರ ಬಂತೋ ಅದನ್ನು ಗುಣಾಂಕಗಳಿಂದ ಗುಣಿಸಿ, ಮಾದರಿಯನ್ನು ತಿದ್ದುತ್ತಾ ಹೋಗುತ್ತಾರೆ. ಮೊದಲಿನ ವೇಗವನ್ನು ತಪ್ಪಾಗಿ ಹಿಡಿದಿದ್ದರೂ ಆ ತಪ್ಪು ಬರಬರುತ್ತಾ ಕರಗುತ್ತದೆ. ವಿನ್ಯಾಸದ ಜಾಣತನವೆಲ್ಲ ಈ ಗುಣಾಂಕಗಳಲ್ಲೇ ಇದೆ. ತೀರಾ ಜಾಸ್ತಿ ಇಟ್ಟರೆ ನಾಯ್ಸ್ ಕೂಡ ಒಳಗೆ ನುಗ್ಗುತ್ತದೆ. ಕಡಿಮೆ ಇಟ್ಟರೆ ತಪ್ಪು ಕರಗುವುದು ತಡವಾಗುತ್ತದೆ. ಹೀಗೆ ತಿದ್ದುತ್ತಾ ಓಡಿಸುವ ಮಾದರಿಯೇ ಅಬ್ಸರ್ವರ್. 1964ರಲ್ಲಿ ಡೇವಿಡ್ ಲುಯೆನ್‌ಬರ್ಗರ್ ಮುಂದಿಟ್ಟ ವಿಚಾರ ಇದು. ಎಷ್ಟು ಸರಳ, ಎಷ್ಟು ಚೆಂದ ಅಲ್ವಾ!

ಹಾಗಾಗಿ ಪದದಲ್ಲಿ ‘ಅಂದಾಜು’ ಇರಬೇಕು ಎಂದು ನನ್ನ ಅನಿಸಿಕೆ. ನೋಡುಗ, ಓದುಗ ಇವೆಲ್ಲ ಕ್ರಿಯಾಪದದಿಂದ ಬಂದವು. ಅಂದಾಜು ನಾಮಪದ, ಆದ್ದರಿಂದ ಲೆಕ್ಕಿಗ ಎಂಬಂತೆ ‘ಅಂದಾಜಿಗ’ ಆಗಬೇಕು. ಆದರೆ ಅದೇ ಸಾಲಿನಲ್ಲಿ ‘ಅಂದಾಜಿಗೆ’ ಎಂದೂ ಬಂದರೆ ಓದುವವರು ಎಡವುತ್ತಾರೆ. ಮೇಲಾಗಿ ‘ಇಗ’ ಮನುಷ್ಯರಿಗೇ ಹೆಚ್ಚು ಒಗ್ಗುವ ಪ್ರತ್ಯಯ. ‘ಅಂದಾಜಕ’ ನನಗೆ ಹಿಡಿಸಿದೆ. ಪಾರಸಿಯಿಂದ ಬಂದ ಪದಕ್ಕೆ ಸಂಸ್ಕೃತದ ಬಾಲ ಏಕೆ ಎಂದು ಕೆಲವರು ಕೇಳಬಹುದು. ‘ತಯಾರಕ’ ಹಾಗೆಯೇ ಹುಟ್ಟಿ ಎಲ್ಲರ ಬಾಯಲ್ಲೂ ನಿಂತಿದೆ. ನಿಯಂತ್ರಕದ ಪಕ್ಕದಲ್ಲೂ ಚೆನ್ನಾಗಿ ಕೂರುತ್ತದೆ.

ತೊಡಕು ಇರುವುದು ‘ಅಬ್ಸರ್ವಬಿಲಿಟಿ’ಯಲ್ಲಿ. ಅಳತೆಗಳಿಂದ ಒಳಗಿನ ಸ್ಥಿತಿಯನ್ನು (ಮೋಟಾರಿನಲ್ಲಾದರೆ ಕೋನ, ವೇಗ) ತಿಳಿಯಲು ಸಾಧ್ಯವೇ ಎಂಬುದನ್ನು ಹೇಳುವ, ರುಡಾಲ್ಫ್ ಕಲ್ಮನ್ ಕೊಟ್ಟ ಪರಿಕಲ್ಪನೆ ಅದು. ಅದೇ ಮೋಟಾರಿನಲ್ಲಿ ಬರೀ ವೇಗ ಅಳೆದರೆ, ಯಾವ ಗುಣಾಂಕ ಇಟ್ಟರೂ ಶಾಫ್ಟ್ ಯಾವ ಕೋನದಿಂದ ಹೊರಟಿತು ಎಂದು ಹೇಳಲಾಗದು. ಇದನ್ನು ‘ವೀಕ್ಷಣೀಯತೆ’ ಎಂದರೆ ಅಂದಾಜಕದ ಜೊತೆಗಿನ ನಂಟು ಕಡಿಯುತ್ತದೆ. ‘ಅಂದಾಜುಸಾಧ್ಯತೆ’ ಬಾಯಿಗೆ ಬರುವುದಿಲ್ಲ. ನಾಯ್ಸನ್ನೂ ಲೆಕ್ಕಕ್ಕೆ ಹಿಡಿದು ಸ್ಥಿತಿಯನ್ನು ಹೇಳುವ ಕಲ್ಮನ್ ಫಿಲ್ಟರ್ ಕೂಡ ಅಂದಾಜು ಮಾಡುವಂಥದ್ದೇ. ಹಾಗಾದರೆ ಅಂದಾಜಕ ಎಂಬುದನ್ನು, ಅಂದಾಜು ಮಾಡುವ ಇಂಥವಕ್ಕೆಲ್ಲ ಇರುವ ಹೆಸರಾದ ‘ಎಸ್ಟಿಮೇಟರ್’ಗೆ ಮೀಸಲಿಟ್ಟು, ಅಬ್ಸರ್ವರ್‌ಗೆ ‘ಸ್ಥಿತಿವೀಕ್ಷಕ’ ಎನ್ನಬೇಕೇ?

ಈ ವಿಷಯ ಪಾಠ ಮಾಡುವವರು ಇಲ್ಲಿದ್ದರೆ, ಕನ್ನಡದಲ್ಲಿ ವಿವರಿಸುವಾಗ ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ. ವಾಕ್ಯದ ಸಮೇತ ಬರೆದರೆ ಇನ್ನೂ ಒಳ್ಳೆಯದು.